ಅಪ್ಪನ ಕಂಬ, ಕಾಕಾನ ಕಂಪ್ಯೂಟರ್

ಮೊನ್ನೆ ರಾಯಚೂರಿಗೆ ಹೋದಾಗ ಹಳೆಯ ರೇಡಿಯೊ, ಟೇಪ್‌ರೆಕಾರ್ಡರ್ ಮಾರುವ ಒಂದು ಸಣ್ಣ ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದೆ. ಅಂಗಡಿಯಾತ ಯಾರೋ ಗಿರಾಕಿಗೆ ಟೇಪ್ ಓಡಿಸಿ ತೋರಿಸಲೆಂದು ರಾಶಿಯಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ ಒಂದನ್ನು ಒಳಗೆ ತುರುಕಿದ. ಹಾಡು ಬರಲಿಲ್ಲ. ಮೊದಲು ಉದ್ದಕ್ಕೆ ಒಂದು ಸೀಟಿ, ಆಮೇಲೆ ಕಾದ ಬಾಣಲೆಗೆ ಮರಳು ಸುರಿದಂಥ ಕಿರಿಚಾಟ. "ಟೇಪ್ ಕೆಟ್ಟದ ಬಿಡ್ರಿ" ಎಂದು ಆತ ಅದನ್ನು ಹೊರಗೆ ತೆಗೆದ. ಅದು ಕೆಟ್ಟಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಹಾಡಿನ ಬದಲು ಕಂಪ್ಯೂಟರಿನ ಪ್ರೋಗ್ರಾಮ್ ತುಂಬಿಡುತ್ತಿದ್ದ ಕಾಲವೊಂದಿತ್ತು. ಆ ಕಾಲದ ಸದ್ದು ಅದು. ಕಣ್ಣು ನನ್ನನ್ನು ಕೇಳದೆ ಅಂಗಡಿಯ ಮೂಲೆಯಲ್ಲಿ ತೂಗುತ್ತಿದ್ದ ಬಲ್ಬಿನ ಕಡೆ ಹೋಯಿತು. ಬಲ್ಬು ಉರಿಯುತ್ತಿತ್ತು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಹೆಂಗಸು ನಡುಬಜಾರಿನಲ್ಲಿ ಬಲ್ಬು ನೋಡಿ ಎದೆ ಹಿಡಿದುಕೊಂಡು ನಿಂತಳೆಂದರೆ ನಿಮಗೆ ನಗು ಬರಬಹುದು. ನಗಿರಿ. ಅದರ ಕಾರಣ ನಮ್ಮ ಮನೆಯವರಿಗೆ ಮಾತ್ರ ಗೊತ್ತು, ಆ ಮನೆಯವರಲ್ಲಿ ಈಗ ಉಳಿದವಳು ನಾನೊಬ್ಬಳೇ.

ನಮ್ಮ ಮನೆ ಕೋಟೆಯ ಹತ್ತಿರದ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬೇವಿನ ಗಿಡವಿದ್ದ ಹಿತ್ತಲು. ಮೇಲೂ ಕಲ್ಲುಚಪ್ಪಡಿ, ಕೆಳಗೂ ಕಲ್ಲುಚಪ್ಪಡಿ. ಬೇಸಿಗೆಯಲ್ಲಿ ಎರಡೂ ಪಂದ್ಯ ಕಟ್ಟಿದ ಹಾಗೆ ಕಾಯುತ್ತಿದ್ದವು. ಅಪ್ಪ ಲೈನ್‌ಮನ್. ಕರೆಂಟಿನ ಕಂಬ ಹತ್ತುವುದು ಅವನ ಕೆಲಸ, ಅವನು ಇಳಿಯುವುದನ್ನು ಕಾಯುವುದು ನಮ್ಮ ಕೆಲಸ. ನಮ್ಮ ಓಣಿಯೂ ಅವನ ಪಾಲಿನ ಭಾಗದಲ್ಲೇ ಇತ್ತು. ಹತ್ತುವ ಮೊದಲು ಓಣಿಯ ಬಾಯಲ್ಲಿದ್ದ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು ಖಾಕಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಗ ಇಡೀ ಓಣಿಯ ಕರೆಂಟ್ ಹೋಗುತ್ತಿತ್ತು. ಇಳಿದು ಬಂದು ಅವನ್ನು ಮತ್ತೆ ಸಿಕ್ಕಿಸಿದರೆ ಬರುತ್ತಿತ್ತು. ಅದಕ್ಕೇ ಅವ್ವ ಅಡುಗೆಮನೆಯ ಬಲ್ಬನ್ನು ಹಗಲು ಹೊತ್ತಿನಲ್ಲೂ ಆರಿಸುತ್ತಿರಲಿಲ್ಲ. ಬಲ್ಬು ಆರಿತೆಂದರೆ ಅಪ್ಪ ಮೇಲಿದ್ದಾನೆ, ತಂತಿ ಸತ್ತಿದೆ. ಹೊತ್ತಿತೆಂದರೆ ಅಪ್ಪ ನೆಲಕ್ಕೆ ಇಳಿದಿದ್ದಾನೆ. "ಇಳದರು" ಎಂದು ಉಸಿರು ಬಿಟ್ಟು ಅವಳು ಹಂಚನ್ನು ಒಲೆಯ ಮೇಲಿಡುತ್ತಿದ್ದಳು. ಪಕ್ಕದ ಮನೆಯ ಖೈರುನ್‌ಬೀ ಚಾಚಿಗೂ ಈ ಲೆಕ್ಕ ಗೊತ್ತಾಗಿಬಿಟ್ಟಿತ್ತು. ಅವರ ಮನೆಯ ಫ್ಯಾನ್ ತಿರುಗಿತೆಂದರೆ ಸಾಕು, ಗೋಡೆಯಾಚೆಯಿಂದ "ಇಳದರವ್ವ, ಇಳದರು" ಎಂದು ಕೂಗಿ ಹೇಳುತ್ತಿದ್ದಳು. ಊರೆಲ್ಲ ಕರೆಂಟ್ ಹೋದಾಗ ಶಾಪ ಹಾಕಿದರೆ, ನಾವು ಹೋದಾಗಲೂ ಕೈ ಮುಗಿಯುತ್ತಿದ್ದೆವು, ಬಂದಾಗಲೂ ಮುಗಿಯುತ್ತಿದ್ದೆವು.

ಅವ್ವ ಮಲ್ಲಟ ಎಂಬ ಹಳ್ಳಿಯವಳು. ಹೆದರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾನು ಇನ್ನೂ ತೊಟ್ಟಿಲಲ್ಲಿದ್ದಾಗ ಯಾರೋ ನೆಂಟರು ಗೋಡೆಯ ಮೇನ್ ಸ್ವಿಚ್ಚನ್ನು ಇಳಿಸಿ ಮರೆತು ಹೋಗಿದ್ದರಂತೆ. ಬಲ್ಬು ಹೊತ್ತಲೇ ಇಲ್ಲವೆಂದು ಅವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕುಳಿತು ಅತ್ತದ್ದೇ ಅತ್ತದ್ದು; ಅಪ್ಪ ಬೀಡಿ ಸೇದುತ್ತ ಆರಾಮಾಗಿ ಸೈಕಲ್ ಮೇಲೆ ಬಂದಿಳಿದ. ಅಂದಿನಿಂದ ಅವಳು ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಮೇಲೆತ್ತಿ ಅರಿಸಿನ ದಾರದಿಂದ ಬಿಗಿದು ಕಟ್ಟಿಬಿಟ್ಟಳು. ವರ್ಷಕ್ಕೊಮ್ಮೆ ದಸರೆಯ ಖಂಡೆ ಪೂಜೆಯಲ್ಲಿ ಅಪ್ಪನ ಕಟಿಂಗ್ ಪ್ಲೇಯರಿಗೆ ಹಚ್ಚಿದ ಮೇಲೆ ಉಳಿದ ಕುಂಕುಮ, ವಿಭೂತಿ ಅದಕ್ಕೆ. "ಮೇನ್ ಇರೋದು ಇಳಸಾಕ, ನೀ ಅದನ್ನ ದೇವರು ಮಾಡಿ ಕುಂದ್ರಿಸೀದಿ" ಎಂದು ಅಪ್ಪ ಕಾಡಿಸುತ್ತಿದ್ದ. ಆದರೆ ಅವನೂ ಆ ದಾರವನ್ನು ಬಿಚ್ಚಲಿಲ್ಲ. ನಾನಂತೂ ಅದರ ಕೆಳಗೆ ಹಾದು ಹೋಗುವಾಗಲೂ ಮೈ ಮುದುರಿಕೊಳ್ಳುತ್ತಿದ್ದೆ.

ಈ ಹೆದರಿಕೆಯ ಮನೆಗೆ, ಎಂಬತ್ತರ ದಶಕದ ನಡುವೆ ಯಾವಾಗಲೋ, ಈರಣ್ಣ ಕಾಕಾ ಕಂಪ್ಯೂಟರ್ ತಂದ. ಕಾಕಾ ಅಪ್ಪನ ತಮ್ಮ. ಅಜ್ಜ, ಅಜ್ಜಿ ಬೇಗ ತೀರಿಹೋಗಿದ್ದರಿಂದ ಅಪ್ಪನೇ ಅವನನ್ನು ಸಾಕಿ ಡಿಪ್ಲೊಮಾ ಓದಿಸಿದ್ದ. ಓದು ಮುಗಿದರೂ ನೌಕರಿ ಸಿಗದೆ, ಖೈರುನ್‌ಬೀ ಚಾಚಿಯ ಗಂಡ ಮಹಬೂಬ್ ಸಾಬರ ಮೈಕ್ ಸೆಟ್ ಅಂಗಡಿಯಲ್ಲಿ ಕಾಕಾ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ. ಸಾಬರ ಅಣ್ಣನ ಮಗ ದುಬೈಯಿಂದ ಬರುವಾಗ ಅತ್ತರು, ಕಂಬಳಿಗಳ ಜೊತೆ ಈ ಯಂತ್ರವನ್ನೂ ತಂದಿದ್ದ. ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ, ಸಾಬರಿಗೂ ತಿಳಿಯಲಿಲ್ಲ. "ಲೇ ಈರಣ್ಣ, ನೀ ಓದಿದಾಂವ, ಇದ್ರಾಗ ಏನ್ ಅದ ನೋಡಪಾ" ಎಂದು ಸಾಬರು ಇವನ ಕೈಗೆ ಕೊಟ್ಟರು. ಪರೀಕ್ಷೆಗೆ ಒಯ್ಯುವ ಪ್ಯಾಡಿಗಿಂತ ತುಸು ದೊಡ್ಡದು, ಕಪ್ಪಗೆ, ಮೇಲೆ ರಬ್ಬರಿನ ಗುಂಡಿಗಳು. ಕಾಕಾ ಅದನ್ನು ಮೇಜಿನ ಮೇಲಿಟ್ಟು, ಸಾಬರ ಅಂಗಡಿಯ ಹಳೆಯ ಟಿ.ವಿ.ಗೆ ಜೋಡಿಸಿ, ಪಕ್ಕದಲ್ಲಿ ಅವರದೇ ಟೇಪ್‌ರೆಕಾರ್ಡರ್ ಇಟ್ಟ. ಕಾದ ಧೂಳಿನ ವಾಸನೆಯೊಂದು ಆ ಕೋಣೆಯಲ್ಲಿ ಅಂದಿನಿಂದ ಮನೆ ಮಾಡಿತು.

ಆ ಯಂತ್ರಕ್ಕೆ ನೆನಪೆಂಬುದು ಕರೆಂಟ್ ಇರುವತನಕ ಮಾತ್ರ. ಕರೆಂಟ್ ಹೋಯಿತೋ, ಹಿಡಿದು ಕುಳಿತು ಕಲಿಸಿದ್ದೆಲ್ಲ ಮಾಯ. ಅದಕ್ಕೆಂದೇ ಕಾಕಾ ಬರೆದ ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ತುಂಬಿಡುತ್ತಿದ್ದ. ಬೇಕಾದಾಗ ಕ್ಯಾಸೆಟ್ ಓಡಿಸಿ ಮತ್ತೆ ಯಂತ್ರಕ್ಕೆ ಕುಡಿಸುತ್ತಿದ್ದ. ಅವನಿಗಿದ್ದ ಹುಚ್ಚು ಒಂದೇ: ಆ ಇಂಗ್ಲಿಷ್ ಯಂತ್ರದ ಕೈಯಲ್ಲಿ ಕನ್ನಡ ಅಕ್ಷರ ಬರೆಸಬೇಕು. ಚೌಕುಳಿ ಹಾಳೆಯ ಮೇಲೆ ಒಂದೊಂದು ಚೌಕ ತುಂಬಿಸಿ 'ಅ' ಬಿಡಿಸಿ, ಅದನ್ನೇ ಅಂಕಿಗಳಾಗಿ ಬದಲಾಯಿಸಿ ಗುಂಡಿ ಒತ್ತುತ್ತಿದ್ದ. ಟಿ.ವಿ.ಯ ಮೇಲೆ ಮೊದಲ ಸಲ 'ಅ' ಮೂಡಿದಾಗ ನಾನು ಅಕ್ಷರವನ್ನೇ ಹೊಸದಾಗಿ ಕಂಡವಳ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಸ್ವರಗಳು ಮುಗಿದು ವ್ಯಂಜನಗಳು ಅರ್ಧಕ್ಕೆ ಬರುವ ಹೊತ್ತಿಗೆ ಯಂತ್ರದೊಳಗೆ ಜಾಗ ತೀರಿತು. ಆಗ ದುಬೈಯ ಅಣ್ಣನ ಮಗನಿಗೆ ಬರೆದು, ಹೆಚ್ಚಿನ ನೆನಪು ಕೊಡುವ ಒಂದು ಡಬ್ಬಿಯನ್ನು ತರಿಸಿದರು. ಅದನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಬೇಕು. ಅದೋ ಸಡಿಲ. ಯಾರಾದರೂ ಜೋರಾಗಿ ಕಾಲಿಟ್ಟರೆ ಡಬ್ಬಿ ಅಲುಗಿ ಪರದೆ ಬೆಳ್ಳಗಾಗಿ ಎಲ್ಲ ಅಳಿಸಿಹೋಗುತ್ತಿತ್ತು. ಕಾಕಾ ಅದರ ಕೆಳಗೆ ಬೆಂಕಿಪೊಟ್ಟಣ ಕೊಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ. ಅವ್ವ ಕುಟ್ಟುವ ಒರಳನ್ನು ಹಿತ್ತಲಿಗೆ ಸಾಗಿಸಿದಳು. ನಾನು ನನ್ನ ಮನೆಯಲ್ಲೇ ಕಳ್ಳಬೆಕ್ಕಿನ ಹಾಗೆ ನಡೆಯುವುದನ್ನು ಕಲಿತೆ.

ಡಬ್ಬಿ ಬಂದ ಮೇಲೆ ಪ್ರೋಗ್ರಾಮ್ ಬೆಳೆಯಿತು. ಕಾಗುಣಿತ ಬಂತು, ಅದರ ಹಿಂದೆ ಒತ್ತಕ್ಷರ. ಬೆಳೆದಷ್ಟೂ ಅದನ್ನು ಕ್ಯಾಸೆಟ್ಟಿಗೆ ತುಂಬುವ ಹೊತ್ತೂ ಬೆಳೆಯಿತು. ಚಹಾ ಕುದಿದು, ಸೋಸಿ, ಆರಿ ಹೋದರೂ ಟೇಪ್ ಕಿರುಚುತ್ತಲೇ ಇರುತ್ತಿತ್ತು. ನಡುವೆ ಕರೆಂಟ್ ಹೋದರೆ ಎಲ್ಲವೂ ಮಣ್ಣುಪಾಲು. ಕರೆಂಟ್ ತೆಗೆಯುವವನು ಬೇರೆ ಯಾರೂ ಅಲ್ಲ, ಅಪ್ಪ. ಅಡುಗೆಮನೆಯ ಬಲ್ಬು ಆರುತ್ತಿದ್ದಂತೆ ಅವ್ವ ಅಪ್ಪನ ಹೆಸರಿನಲ್ಲಿ ದೇವರಿಗೆ ಕೈ ಮುಗಿಯುವಳು. ಅದೇ ಗಳಿಗೆಯಲ್ಲಿ ಒಳಗಿನ ಕೋಣೆಯಿಂದ ಕಾಕಾ "ಸತ್ತೆ" ಎಂದು ನರಳುವನು. ಯಾರ ಕಡೆ ಹೋಗಬೇಕೆಂದು ತಿಳಿಯದೆ ನಾನು ನಡುಮನೆಯಲ್ಲಿ ನಿಂತಿರುತ್ತಿದ್ದೆ. "ಯಣ್ಣಾ, ಕರೆಂಟ್ ತಗಿಯೋ ಮುಂದ ಒಂದ್ ಮಾತ್ ಹೇಳಿ ಕಳಸು, ತುಂಬ್ಕೊಂಡ್ ಬಿಡ್ತೀನಿ" ಎಂದು ಕಾಕಾ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದ. "ತಂತಿ ಹರದು ಬೀದ್ಯಾಗ ಬಿದ್ದಿರತದ. ನಿನ್ನ ಟೇಪ್ ಮುಗಿಯೋತನಕ ಮಂದಿನ್ನ ತುಳಿಬ್ಯಾಡ್ರಿ ಅಂತ ಹೇಳ್ಕೋತ ನಿಂದರಲೇನು?" ಎಂದ ಅಪ್ಪ. ಜಗಳವೇನಲ್ಲ. ಇಬ್ಬರೂ ನಕ್ಕರು.

ಅಷ್ಟರಲ್ಲಿ ದೇವದುರ್ಗದ ಒಂದು ಶಾಲೆಯವರಿಂದ ಕಾಕಾನಿಗೆ ಕರೆ ಬಂತು. ಅವರಲ್ಲಿಗೆ ಹೊಸದಾಗಿ ಕಂಪ್ಯೂಟರ್ ಬರಲಿತ್ತು. ಪರದೆಯ ಮೇಲೆ ಕನ್ನಡ ಮೂಡಿಸುವ ಹುಡುಗನೊಬ್ಬ ಇದ್ದಾನೆಂದು ಕೇಳಿ, ಬಂದು ತೋರಿಸು, ಸರಿ ಕಂಡರೆ ನಿನ್ನನ್ನೇ ಮಾಸ್ತರನನ್ನಾಗಿ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಮನೆಯಲ್ಲಿ ಹಬ್ಬದ ಕಳೆ. ಅವ್ವ ಅವನ ಬಿಳಿ ಅಂಗಿಗೆ ನೀಲಿ ಹಾಕಿ ಒಣಗಿಸಿದಳು. ಬೆಳಗಾದರೆ ದೇವದುರ್ಗದ ಬಸ್ಸು ಹತ್ತಬೇಕು ಎನ್ನುವ ಸಂಜೆಗೆ ದೊಡ್ಡ ಗಾಳಿ ಬೀಸಿತೆಂದು ಕತೆ ಕಟ್ಟುವವರು ಹೇಳಬಹುದು. ಹಾಗೇನೂ ಆಗಲಿಲ್ಲ. ಹೋಗುವ ಹಿಂದಿನ ದಿನ, ಸುಡುಬಿಸಿಲಿನಲ್ಲಿ, ಅಪ್ಪನಿಗೆ ನಮ್ಮದೇ ಓಣಿಯ ತಿರುವಿನ ಕಂಬದಲ್ಲಿ ಕೆಲಸ ಬಿತ್ತು. ತಂತಿ ಕೂರಿಸುವ ಒಡೆದ ಪಿಂಗಾಣಿ ಬದಲಾಯಿಸಿ ಜೋತುಬಿದ್ದ ತಂತಿಗಳನ್ನು ಎಳೆದು ಕಟ್ಟಬೇಕು, ಸಂಜೆಯಾಗುತ್ತದೆ ಎಂದು ಹೇಳಿಯೇ ಹೋದ. ಬಲ್ಬು ಆರಿತು. ಅವ್ವ ಕೈ ಮುಗಿದಳು.

ಕಾಕಾನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪ್ರೋಗ್ರಾಮ್ ಕ್ಯಾಸೆಟ್ಟಿನಲ್ಲಿ ಇತ್ತು, ನಿಜ. ಆದರೆ ಅದು ಪೂರ್ತಿ ಏಳುತ್ತದೋ ಇಲ್ಲವೋ ಎಂದು ಒಂದು ಸಲ ನೋಡದೆ ಹೋಗುವುದು ಹೇಗೆ? ನಡುಮಧ್ಯಾಹ್ನ ಮಹಬೂಬ್ ಸಾಬರ ಜನರೇಟರನ್ನು ತಳ್ಳಿಕೊಂಡು ಬಂದು ಹಿತ್ತಲ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಮದುವೆಮನೆಗಳಲ್ಲಿ ಮೈಕಿನವರು ಬಳಸುತ್ತಿದ್ದ, ಎರಡೂ ತುದಿಗೆ ಪ್ಲಗ್ ಇದ್ದ ಉದ್ದದ ವಾಯರ್ ಅದರ ಜೊತೆಗಿತ್ತು. ಒಂದು ತುದಿಯನ್ನು ಜನರೇಟರಿಗೆ, ಇನ್ನೊಂದನ್ನು ನಮ್ಮ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮನೆಗೆಲ್ಲ ಕರೆಂಟ್ ಬರುತ್ತದೆ. ಆದರೆ ಚುಚ್ಚುವ ಮೊದಲು ಮೇನ್ ಇಳಿಸಲೇಬೇಕು. ಇಳಿಸದಿದ್ದರೆ ಆ ಕರೆಂಟ್ ಮನೆಯೊಳಗೇ ನಿಲ್ಲುವುದಿಲ್ಲ. ಹೊರಗಿನ ತಂತಿ ಹಿಡಿದು ಓಣಿಯ ಕಂಬಗಳಿಗೆ ಹೋಗುತ್ತದೆ. ಕಾಕಾನಿಗೆ ಇದು ತಿಳಿಯದ್ದೇನಲ್ಲ. ಅವನು ಮೇನ್ ಹತ್ತಿರ ಹೋಗಿ ಕೈ ಚಾಚಿದ್ದನ್ನು ನಾನು ನೋಡಿದೆ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಅವ್ವ ಎದ್ದೇ ಬಂದಳು. "ಅದನ್ನ ಮುಟ್ಟಬ್ಯಾಡಪ್ಪಾ ಈರಣ್ಣ. ಅವರು ಮ್ಯಾಲ ಅದಾರ" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಕಾಕಾ ಆ ಅರಿಸಿನ ದಾರವನ್ನು ನೋಡಿದ, ಅವ್ವನನ್ನು ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ. ಓದಿದವನು ಹೇಗೆ ಮರೆತ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅವನು ಮರೆತಿರಲಿಲ್ಲ. ಸಾಕಿದ ಅತ್ತಿಗೆಯ ದಾರ ಹರಿಯಲು ಅವನಿಗೆ ಮನಸ್ಸಾಗಲಿಲ್ಲ. ಅಣ್ಣ ಹೇಗೂ ಫ್ಯೂಸ್ ಕಿತ್ತಿದ್ದಾನೆ, ಲೈನ್ ಸತ್ತಿದೆ, ಟೇಪ್ ಒಂದು ಸಲ ಓಡಲಿ ಎಂದು ತನಗೆ ತಾನೇ ಹೇಳಿಕೊಂಡಿರಬೇಕು.

ಜನರೇಟರ್ ಗುಡುಗಿತು. ಅಡುಗೆಮನೆಯ ಬಲ್ಬು ಹೊತ್ತಿತು. ಒಳಗೆ ಟೇಪ್ ಸೀಟಿ ಹಾಕಿ ಕಿರುಚತೊಡಗಿತು. ಅವ್ವ ಬಲ್ಬು ನೋಡಿದವಳೇ "ಇಳದರು" ಎಂದು ಹಂಚನ್ನು ಒಲೆಯ ಮೇಲಿಟ್ಟಳು. ನನಗೆ ತಟ್ಟೆ ತೊಳೆದು ಇಡಲು ಹೇಳಿದಳು. ನಾನು ಬಾಗಿಲಿಗೆ ಹೋಗಿ ಅಪ್ಪ ಬರುತ್ತಾನೇನೋ ಎಂದು ಇಣುಕಿದೆ. ಬಿಸಿಲಿಗೆ ಓಣಿ ಖಾಲಿಯಿತ್ತು. ಅಷ್ಟು ಹೊತ್ತಿಗೆ ಗೋಡೆಯಾಚೆಯಿಂದ ಖೈರುನ್‌ಬೀ ಚಾಚಿಯ ದನಿ ಬಂತು: "ಇಳದರವ್ವ, ಇಳದರು. ನಮ್ಮ ಫ್ಯಾನ್ ತಿರಗಾಕತ್ತದ." ನಮ್ಮ ಮನೆಯ ಬಲ್ಬು ಹೊತ್ತಿದ್ದು ಕಾಕಾನಿಗೆ ಗೊತ್ತೇ ಇತ್ತು, ಚಾಚಿಯ ಮನೆಯ ಫ್ಯಾನ್ ತಿರುಗಬಾರದಿತ್ತು. ಆ ಕೂಗು ಕೇಳಿದಾಗ ಅವನ ಮುಖ ಹೇಗಾಯಿತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಮೇಜು, ಟೇಪು, ಟಿ.ವಿ. ಯಾವುದನ್ನೂ ನೋಡದೆ ಗೋಡೆಗೆ ಹಾರಿ ವಾಯರನ್ನು ಕಿತ್ತ. ಡಬ್ಬಿ ಅಲುಗಿತು, ಕಿರಿಚಾಟ ನಿಂತಿತು, ಬಲ್ಬು ಆರಿತು. ಅವ್ವ ಹಂಚಿನ ಮುಂದಿನಿಂದ ತಲೆ ಎತ್ತಿ "ಮತ್ತ ಯಾಕ ಹತ್ತಿದರು?" ಎಂದು ಕೇಳಿದಳು. ಓಣಿಯ ತಿರುವಿನಿಂದ ಯಾರೋ ಅಪ್ಪನ ಹೆಸರು ಹಿಡಿದು ಕೂಗುತ್ತಿದ್ದರು.

ಅಪ್ಪ ಕಂಬದ ಮೇಲೆ ಹಗ್ಗದ ಪಟ್ಟಿಯಲ್ಲಿ ಜೋತುಬಿದ್ದಿದ್ದ. ತಲೆ ಎದೆಗೆ ಬಿದ್ದಿತ್ತು, ಒಂದು ಚಪ್ಪಲಿ ಕೆಳಗೆ ಬಿದ್ದಿತ್ತು. ನಾನು ಕಂಡ ಸಾವುಗಳಲ್ಲಿ ಅದೇ ಮೊದಲನೆಯದು ಎಂದುಕೊಂಡೆ. ಮಹಬೂಬ್ ಸಾಬರು ಏಣಿ ತಂದರು. ಕಾಕಾ ಅದಕ್ಕೆ ಕಾಯದೆ ಬರಿಗಾಲಲ್ಲಿ ಕಂಬ ಹತ್ತಿದ. ಇಳಿಸಿದಾಗ ಅಪ್ಪನಿಗೆ ಉಸಿರಿತ್ತು. ಆಸ್ಪತ್ರೆಯಲ್ಲಿ ಅವನು ಉಳಿದುಕೊಂಡ. ಬಲಗೈಯ ಎರಡು ಬೆರಳು ಸುಟ್ಟು ಮಡಚಿಕೊಂಡವು, ಅಷ್ಟೇ ಎಂದು ಡಾಕ್ಟರು ಹೇಳಿದರು. ಅವ್ವನ ಕಿವಿಗೆ 'ಅಷ್ಟೇ' ಬೀಳಲಿಲ್ಲ. ಅಂದು ಸಂಜೆ ಮನೆಗೆ ಬಂದವಳೇ ಈಳಿಗೆ ತೆಗೆದುಕೊಂಡು ಮೇನ್ ಸ್ವಿಚ್ಚಿನ ದಾರವನ್ನು ಕತ್ತರಿಸಿ ಒಲೆಗೆ ಹಾಕಿದಳು. ಕಾಕಾ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಸಾಬರಿಗೆ ಒಪ್ಪಿಸಿದ. ಮರುದಿನದ ದೇವದುರ್ಗದ ಬಸ್ಸು ಅವನಿಲ್ಲದೆ ಹೋಯಿತು. ಅವನು ಯಾರಿಗೂ ಹೇಳದೆ ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿಗೆ, ತನ್ನ ಅಕ್ಕನ, ಎಂದರೆ ನನ್ನ ಸೋದರತ್ತೆಯ ಮನೆಗೆ ಹೊರಟುಹೋಗಿದ್ದ.

ಆಮೇಲಿನ ದಿನಗಳ ಹೆದರಿಕೆ ಬೇರೆಯೇ ಬಗೆಯದು. "ಅಲ್ಲಿ ಹೊಲದ ತುಂಬ ಬಾವಿ ಅದಾವು" ಎಂದು ಅವ್ವ ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿ ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಬಾಗಿಲಲ್ಲಿ ಯಾರ ಸೈಕಲ್ ನಿಂತರೂ ಅತ್ತೆಯ ಊರಿನಿಂದ ಕೆಟ್ಟ ಸುದ್ದಿ ಬಂತೇನೋ ಎಂದು ನಾನು ಅವ್ವನ ಹಿಂದೆ ಸರಿಯುತ್ತಿದ್ದೆ. ಅಪ್ಪ ಮನೆಗೆ ಬಂದ ಮೇಲಂತೂ ಅವನು ಬಾಯಿ ತೆರೆದರೆ ನಮಗೆ ಭಯ. ಓಣಿಗೆಲ್ಲ ಗೊತ್ತಿತ್ತು, ಆದರೆ ಒಬ್ಬರೂ ಅವನ ಮುಂದೆ ತುಟಿ ಬಿಚ್ಚಿರಲಿಲ್ಲ. ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟ: "ಫ್ಯೂಸ್ ನನ್ನ ಜೇಬಿನ್ಯಾಗ ಇದ್ದವು. ಕರೆಂಟ್ ಎಲ್ಲಿಂದ ಬಂತು?" ಅವ್ವ ಅವನ ಮುಂದೆ ನೆಲಕ್ಕೆ ಕುಳಿತು ಎಲ್ಲವನ್ನೂ ಹೇಳಿದಳು, ಜನರೇಟರಿನಿಂದ ಹಿಡಿದು. "ಅಂವ ಇಳಸಾಕ ಬಂದಿದ್ದ. ನಾನೇ ಬ್ಯಾಡ ಅಂದೆ. ದಾರ ನಂದು" ಎಂದಳು. ಅಪ್ಪ ಮಲಗಿದ್ದಲ್ಲಿಂದಲೇ ದಾರವಿಲ್ಲದ ಮೇನ್ ಸ್ವಿಚ್ಚಿನ ಕಡೆ ನೋಡಿದ. ಆಮೇಲೆ ಎದ್ದು ಅಂಗಿ ಕೇಳಿದ.

ಹಿರೇಕೊಟ್ನೆಕಲ್ಲಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ; ಬಸ್ಸಿನ ಟಿಕೇಟು ಹಿಡಿಯಲೂ ಅವನ ಬಲಗೈ ಬರುತ್ತಿರಲಿಲ್ಲ. ಕಾಕಾ ಅತ್ತೆಯ ಹೊಲದಲ್ಲಿ ಹತ್ತಿಕಟ್ಟಿಗೆ ಕೀಳುತ್ತಿದ್ದ. ಗಡ್ಡ ಬಂದಿತ್ತು. ಅಪ್ಪನನ್ನು ಕಂಡು ನಿಂತಲ್ಲೇ ನಿಂತ.

"ನಡಿ, ಮನಿಗೆ" ಎಂದ ಅಪ್ಪ.

"ಯಣ್ಣಾ, ಅವತ್ತು ನಾ..."

"ನಾ ಏನೂ ಕೇಳಿಲ್ಲಲೇ. ನಡಿ. ನಿಮ್ಮ ಅತ್ತಿಗಿ ಉಣವಲ್ಲಳು."

ಬಸ್ಸಿನಲ್ಲಿ ನಾನು ಅವರಿಬ್ಬರ ನಡುವೆ ಕುಳಿತಿದ್ದೆ.

ಅಪ್ಪ ಮತ್ತೆ ಕೆಲಸಕ್ಕೆ ಹತ್ತಿದಾಗ ಮೊದಲು ಬಂದದ್ದು ಅದೇ ತಿರುವಿನ ಕಂಬ. ಅವತ್ತು ಅವನು ಸಾಬರ ಮನೆಗೆ ಹೋಗಿ ಕಂಪ್ಯೂಟರನ್ನು ತಾನೇ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಕಾಕಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಅವನ ತೋಳು ಹಿಡಿದು ಓಣಿಯ ಬಾಯಿಗೆ ಕರೆದೊಯ್ದ, ಉಳಿದ ಬೆರಳುಗಳಿಂದ ಫ್ಯೂಸುಗಳನ್ನು ಕಿತ್ತ. ಯಾವಾಗಲೂ ಜೇಬಿಗೆ ಹೋಗುತ್ತಿದ್ದ ಅವನ್ನು ಕಾಕಾನ ಅಂಗೈಯಲ್ಲಿಟ್ಟು ಮುಚ್ಚಿದ. "ಹಿಡಕೊಂಡು ಕೆಳಗ ನಿಲ್ಲು. ನಾ ಬಂದು ಬೇಡೋತನಕ ಯಾರಿಗೂ ಕೊಡಬ್ಯಾಡ" ಎಂದ. ತನ್ನನ್ನು ಸಾವಿನ ಬಾಯಿಗೆ ನೂಕಿದ್ದ ಕೈಗೇ ತನ್ನ ಜೀವ ಒಪ್ಪಿಸಿ ಅಪ್ಪ ಕಂಬ ಹತ್ತಿದ. ಬಿಸಿಲಿನಲ್ಲಿ ಕಾಕಾ ಎರಡೂ ಮುಷ್ಟಿಯನ್ನು ಎದೆಗೊತ್ತಿಕೊಂಡು, ಕಣ್ಣು ಮಿಟುಕಿಸದೆ ಮೇಲೆ ನೋಡುತ್ತ ನಿಂತ. ಅವ್ವ ಬಾಗಿಲಲ್ಲಿ, ನಾನು ಅವ್ವನ ಸೆರಗಿನಲ್ಲಿ. ಅಪ್ಪ ಇಳಿದು ಬಂದು ಕೈ ಚಾಚಿದಾಗ ಕಾಕಾನ ಬೆರಳುಗಳನ್ನು ಬಿಡಿಸಬೇಕಾಯಿತು. ಆಮೇಲೆ ಅದೇ ರೂಢಿಯಾಯಿತು. ನಮ್ಮ ಓಣಿಯ ಕೆಲಸವಿದ್ದರೆ ಅಪ್ಪ ಬಾಗಿಲಿಗೆ ಬಂದು "ತುಂಬಿದೇನು?" ಎಂದು ಕೇಳುವನು, ಕಾಕಾ ಒಳಗಿನಿಂದ "ತುಂಬೀನಿ, ನಡಿ" ಎಂದು ಟೇಪ್ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಫ್ಯೂಸ್ ಹಿಡಿಯಲು ಹೊರಡುವನು. ದೇವದುರ್ಗದ ಕೆಲಸ ಬೇರೆಯವರಿಗೆ ಹೋಗಿತ್ತು. ಕೆಲವು ವರ್ಷಗಳ ನಂತರ ಮಾನ್ವಿಯಲ್ಲಿ ಅವನು ಮಾಸ್ತರನಾದ. ಅಪ್ಪನಿಗೆ ಪಿಂಚಣಿ ಬಂದ ಮೇಲೂ ಬಲ್ಬು ಆರಿದರೆ ಅವ್ವ ಕೈ ಮುಗಿಯುವುದನ್ನು ಬಿಡಲಿಲ್ಲ.

ಆ ಮನೆಯನ್ನು ಕೆಡವಿ ಈಗ ಅಲ್ಲಿ ಮೂರು ಅಂತಸ್ತು ಎಬ್ಬಿಸಿದ್ದಾರೆ. ಚಾಚಿ, ಸಾಬರು ಹೋದರು, ಕಾಕಾ ಹೋದ, ಕೊನೆಗೆ ಅವ್ವನೂ ಹೋದಳು. ಅವರೆಲ್ಲರಿಗಿಂತ ಮೊದಲು ಹೋದವನು ಅಪ್ಪ, ಪಿಂಚಣಿ ಬಂದು ಬಹಳ ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಹಿತ್ತಲಲ್ಲಿ ಹಾಸಿದ್ದ ಚಾಪೆಯ ಮೇಲೆ, ನಿದ್ದೆಯಲ್ಲಿ. ಮಾನ್ವಿಯಿಂದ ಕಾಕಾ ಬಂದಾಗ ಅವನ ಕಣ್ಣು ಒಣಗಿದ್ದವು. ಅಪ್ಪನ ಬಲಗೈಯನ್ನು, ಆ ಮಡಚಿದ ಬೆರಳುಗಳನ್ನು, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತ. ಅವ್ವ ಅವನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ನೆಲದ ಮ್ಯಾಲ ಹೋದರು, ಈರಣ್ಣ. ನಾ ದಿನಾ ಬೇಡ್ಕೊಂಡಿದ್ದು ಇಷ್ಟೇ." ಆಗ ಕಾಕಾ ಅತ್ತ. ನಾನೂ ಅತ್ತೆ. ಅಷ್ಟೆಲ್ಲ ಅತ್ತರೂ, ಆ ಮನೆಯಲ್ಲಿ ಯಾರೂ ಹೆದರದೆ ಕಳೆದ ಮೊದಲ ದಿನ ಅದೇ.